ನಮಗೆ ಬೆನ್ನು ಹಾಕಿ ನುಡಿಸುವವರು

ಐರ್ಲೆಂಡಿಗೆ ಹೊರಟಿರುವ ಸ್ನೇಹಿತರೊಬ್ಬರು ಮೊನ್ನೆ ಒಂದು ಲಿಂಕ್ ಕಳಿಸಿ, "ಇದನ್ನ ಬುಕ್ ಮಾಡಲಾ?" ಅಂತ ಕೇಳಿದರು. ಊಟ, ಕುಣಿತ, ಜಾನಪದ ಸಂಗೀತ, ಎಲ್ಲ ಸೇರಿ ಒಂದೇ ಟಿಕೆಟ್. ಸಂಜೆ ಏಳಕ್ಕೆ ಶುರು, ಒಂಬತ್ತೂವರೆಗೆ ವಾಪಸ್ ಹೋಟೆಲಿಗೆ. ಬೇಡ ಅಂದೆ. ಯಾಕೆ ಬೇಡ ಅಂತ ಹೇಳಲು ಹೋದರೆ ಅದು ಫೋನಿನಲ್ಲಿ ಮುಗಿಯುವ ಮಾತಾಗಲಿಲ್ಲ. ಹಾಗಾಗಿ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ, ಪುರುಸೊತ್ತಿದ್ದರೆ ಓದಿ.

ಆ ಶೋಗಳು ಕೆಟ್ಟವು ಅಂತಲ್ಲ. ಕುಣಿಯುವವರು ಚಿಕ್ಕಂದಿನಿಂದ ಕಲಿತವರು, ನುಡಿಸುವವರೂ ಪಳಗಿದವರೇ. ಆದರೆ ಅಲ್ಲಿ ಎಲ್ಲವೂ ನಿಮ್ಮ ಕಡೆ ತಿರುಗಿರುತ್ತದೆ. ಮೈಕು, ಲೈಟು, ನಡುನಡುವೆ ಜೋಕು, ಯಾರ್ಯಾರು ಯಾವ ದೇಶದಿಂದ ಬಂದಿದ್ದೀರಿ ಅನ್ನೋ ವಿಚಾರಣೆ, ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ ಅನ್ನೋ ಒತ್ತಾಯ. ನಾನು ಹೇಳೋದು ಇಷ್ಟೇ. ಪರದೇಶದಲ್ಲಿ ಅಲ್ಲಿಯವರ ಸಂಗೀತ ಕೇಳಬೇಕು ಅಂತಿದ್ದರೆ ನಿಮಗೋಸ್ಕರ ನುಡಿಸದೇ ಇರುವವರನ್ನು ಹುಡುಕಿಕೊಂಡು ಹೋಗಿ. ಐರ್ಲೆಂಡಿನಲ್ಲಿ ಅಂಥವರು ಸಿಗುವುದು ಸುಲಭ. ಟಿಕೆಟ್ಟೂ ಇಲ್ಲ.

ಅಕ್ಕ ಭಾವ ಡಬ್ಲಿನ್‌ನಲ್ಲಿದ್ದಾರೆ, ಅದಕ್ಕೇ ನನಗೆ ಆ ಕಡೆ ಓಡಾಟ ಸ್ವಲ್ಪ ಜಾಸ್ತಿ. ಅಲ್ಲಿ ಇದನ್ನು ಸೆಷನ್ ಅನ್ನುತ್ತಾರೆ. ಪಬ್ಬಿನ ಒಂದು ಮೂಲೆ, ಒಂದು ಟೇಬಲ್ಲು, ಸುತ್ತ ಐದಾರು ಜನ. ವೇದಿಕೆ ಇಲ್ಲ, ಒಳ್ಳೆಯ ಕಡೆಗಳಲ್ಲಿ ಮೈಕೂ ಇಲ್ಲ. ಒಬ್ಬರಿಗೊಬ್ಬರು ಮುಖ ಮಾಡಿ ಕೂತಿರುತ್ತಾರೆ, ಅಂದರೆ ಅರ್ಧ ಜನರ ಬೆನ್ನು ನಮ್ಮ ಕಡೆ. ಊರ ಗುಡಿಯಲ್ಲಿ ಶನಿವಾರದ ಭಜನೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕೇಳುವವರು ಬಂದರೂ ಸರಿ, ಬರದಿದ್ದರೂ ಸರಿ, ಕೂತವರು ತಮ್ಮ ಪಾಡಿಗೆ ತಾವು ಶುರು ಮಾಡುತ್ತಾರೆ. ಪಿಟೀಲು, ಮರದ ಕೊಳಲು, ಟಿನ್ ವಿಸಲ್, ಬ್ಯಾಂಜೋ, ಎರಡು ಕೈಯಲ್ಲಿ ಹಿಡಿದು ಎಳೆದು ಒತ್ತುವ ಪುಟ್ಟ ಕಾನ್ಸರ್ಟಿನಾ. ಅದೃಷ್ಟವಿದ್ದರೆ ಇಲ್ಯನ್ ಪೈಪ್ ಅನ್ನೋ ಚೀಲದ ವಾದ್ಯ. ಇದಕ್ಕೆ ಬಾಯಿಂದ ಊದುವುದಿಲ್ಲ, ಮೊಣಕೈ ಕೆಳಗೆ ಸಿಕ್ಕಿಸಿದ ತಿದಿಯಿಂದ ಗಾಳಿ ತುಂಬುತ್ತಾರೆ. ಇದನ್ನು ನುಡಿಸುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾವನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಆಚೆ ಬಂದು, "ಅಲ್ಲ ಮಾರಾಯ, ಎರಡು ಗಂಟೆ ಒಂದೇ ಹಾಡು ನುಡಿಸಿದರಲ್ಲೋ" ಅಂದರು. ತಮಾಷೆಗೆ ಹೇಳಿದರೂ ಅದರಲ್ಲಿ ನಿಜ ಇದೆ. ಹೊಸ ಕಿವಿಗೆ ಎಲ್ಲ ಒಂದೇ ಥರ ಕೇಳುತ್ತದೆ. ಅದಕ್ಕೆ ಒಂದು ಉಪಾಯ ಇದೆ, ಕಾಲಲ್ಲಿ ಲೆಕ್ಕ ಹಾಕಿ. ತಕಿಟ ತಕಿಟ ಅಂತ ಹೋದರೆ ಅದು ಜಿಗ್. ತಕಿಟ ಮೂರು ಸಲ ಬಂದು ಒಂದು ಸುತ್ತಾದರೆ ಸ್ಲಿಪ್ ಜಿಗ್. ತಕದಿಮಿ ತಕದಿಮಿ ಅಂತ ಓಡಿದರೆ ರೀಲ್. ಸಾಮಾನ್ಯವಾಗಿ ಒಂದು ಟ್ಯೂನಿನಲ್ಲಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಇಡೀ ಟ್ಯೂನ್ ಮೂರು ಸುತ್ತು ಹೊಡೆದ ಮೇಲೆ, ನಿಲ್ಲಿಸದೇ, ಇನ್ನೊಂದು ಟ್ಯೂನಿಗೆ ಜಿಗಿಯುತ್ತಾರೆ. ಆ ಜಿಗಿಯುವ ಕ್ಷಣವನ್ನು ಕಾಯುತ್ತಾ ಕೂರಬೇಕು. ಮುಂದಿನದು ಯಾವುದು ಅಂತ ಮೊದಲೇ ಮಾತಾಡಿಕೊಂಡಿರುವುದಿಲ್ಲ ಎಷ್ಟೋ ಸಲ. ಒಬ್ಬರು ಹುಬ್ಬು ಎತ್ತುತ್ತಾರೆ, ಇಲ್ಲಾ "ಹಪ್" ಅನ್ನುತ್ತಾರೆ, ಉಳಿದವರು ಎರಡು ಸ್ವರ ಕೇಳುವಷ್ಟರಲ್ಲಿ ಹಿಡಿದುಬಿಡುತ್ತಾರೆ. ಗೊತ್ತಿಲ್ಲದವರು ವಾದ್ಯ ತೊಡೆಯ ಮೇಲಿಟ್ಟು ಸುಮ್ನೆ ಕೇಳುತ್ತಾರೆ, ಅದರಲ್ಲಿ ಅವಮಾನ ಏನಿಲ್ಲ. ಎದುರಿಗೆ ಪುಸ್ತಕ ಇಟ್ಟುಕೊಂಡು ನುಡಿಸಿದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರಿಗೆ ಇದು ಸಾವಿರ ವರ್ಷದ ಪದ್ಧತಿ ಅನ್ನಿಸುತ್ತದೆ. ಗೈಡುಗಳೂ ಹಾಗೇ ಹೇಳುತ್ತಾರೆ. ಟ್ಯೂನುಗಳು ಹಳೆಯವು, ಸರಿ. ಆದರೆ ಪಬ್ಬಿನಲ್ಲಿ ಹೀಗೆ ಸುತ್ತ ಕೂತು ನುಡಿಸುವ ರೂಢಿ ತೀರಾ ಹಳೆಯದಲ್ಲ. ಮೊದಲು ಇದೆಲ್ಲ ಕುಣಿತದ ಸಂಗೀತ. ಮನೆಯ ಅಡುಗೆಕೋಣೆಯಲ್ಲಿ, ಊರಾಚೆ ದಾರಿಗಳು ಕೂಡುವ ಕಡೆ ಜನ ಕುಣಿಯುತ್ತಿದ್ದರು, ಪಕ್ಕದಲ್ಲಿ ಒಬ್ಬರೋ ಇಬ್ಬರೋ ನುಡಿಸುತ್ತಿದ್ದರು. 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅನ್ನೋ ಕಾನೂನು ಬಂತು, ಪಾದ್ರಿಗಳ ಕಣ್ಣೂ ಬಿತ್ತು, ಮನೆ ಕುಣಿತಗಳಿಗೆ ಪೆಟ್ಟಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೂಲಿ ಹುಡುಕಿಕೊಂಡು ಲಂಡನ್ನಿಗೆ ಹೋದ ಐರಿಷ್ ಜನ ಬಾಡಿಗೆ ಕೋಣೆಗಳಲ್ಲಿದ್ದರು. ಅಲ್ಲಿ ನುಡಿಸೋಕೆ ಜಾಗ ಎಲ್ಲಿ? ಕ್ಯಾಮ್ಡನ್ ಟೌನ್, ಕೆಂಟಿಷ್ ಟೌನ್ ಕಡೆಯ ಪಬ್ಬುಗಳಲ್ಲಿ ಸೇರತೊಡಗಿದರು. ಇವತ್ತು ನಾವು ನೋಡುವ ಸೆಷನ್ ಬಹುಮಟ್ಟಿಗೆ ಅಲ್ಲಿ ರೂಪ ಪಡೆದು ಊರಿಗೆ ವಾಪಸ್ ಬಂದದ್ದು. ಬೌರಾನ್ ಅಂತ ಆಡಿನ ಚರ್ಮದ ವಾದ್ಯ ಇದೆಯಲ್ಲ, ಈಗ ಪ್ರತಿ ಸುವನೀರ್ ಅಂಗಡಿಯಲ್ಲೂ ತೂಗುತ್ತದಲ್ಲ, ಅದು ಮುಂದಕ್ಕೆ ಬಂದದ್ದೇ 1960ರ ದಶಕದಲ್ಲಿ, ಸಂಗೀತ ಸಂಯೋಜಕ ಶಾನ್ ಓ ರಿಯಾಡ ತಮ್ಮ ತಂಡದಲ್ಲಿ ಬಳಸಿದ ಮೇಲೆ. ಬೂಝೂಕಿ ಅನ್ನೋ ತಂತಿವಾದ್ಯ ಅಂತೂ ಗ್ರೀಸ್‌ನಿಂದ ಬಂದದ್ದು, ಅದೂ ಅದೇ ದಶಕದಲ್ಲಿ.

ಇನ್ನೊಂದು ಮಜಾ ಸಂಗತಿ. ಈ ಟ್ಯೂನುಗಳನ್ನು ಗುಡ್ಡೆ ಹಾಕಿ ಅಚ್ಚು ಮಾಡಿಸಿದ ದೊಡ್ಡ ಮನುಷ್ಯ ಇದ್ದದ್ದು ಅಮೆರಿಕದಲ್ಲಿ. ಫ್ರಾನ್ಸಿಸ್ ಓ'ನೀಲ್, ಹುಟ್ಟಿದ್ದು ಕಾರ್ಕ್ ಜಿಲ್ಲೆಯಲ್ಲಿ, ಕೆಲಸ ಶಿಕಾಗೋದ ಪೊಲೀಸ್ ಮುಖ್ಯಸ್ಥ. 1903ರಲ್ಲಿ 1,850 ಟ್ಯೂನುಗಳ ಸಂಗ್ರಹ ತಂದರು. ಕಳ್ಳರನ್ನು ಹಿಡಿಯುವ ಇಲಾಖೆಯವರು ಟ್ಯೂನು ಹಿಡಿದರು ಅನ್ನಿ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, "ಅಸಲಿ" ಅಂತ ಹುಡುಕಿಕೊಂಡು ಹೋಗುವವರು ಹಳೆಯದನ್ನು ಹುಡುಕುತ್ತಾರೆ. ಹಳೆಯದೋ ಹೊಸದೋ ನನಗೆ ಮುಖ್ಯ ಅಲ್ಲ. ನುಡಿಸುವವರು ಯಾರಿಗಾಗಿ ನುಡಿಸುತ್ತಿದ್ದಾರೆ ಅನ್ನೋದೇ ಮುಖ್ಯ. ಎಪ್ಪತ್ತು ಎಂಬತ್ತು ವರ್ಷದ ರೂಢಿಯೇ ಆಗಲಿ, ಅದು ಅವರದ್ದು.

ಡಬ್ಲಿನ್‌ಗೆ ಹೋದವರು ಹೆಚ್ಚಾಗಿ ಟೆಂಪಲ್ ಬಾರ್ ಅನ್ನೋ ಕೇರಿಗೆ ಹೋಗುತ್ತಾರೆ. ಹೋಗಿ, ಫೋಟೋ ತೆಗೆಸಿಕೊಳ್ಳಿ, ಬಣ್ಣ ಚೆನ್ನಾಗಿದೆ. ಸಂಗೀತಕ್ಕೆ ಮಾತ್ರ ನದಿ ದಾಟಿ. ಲುವಾಸ್ ಟ್ರಾಮಿನ ಕೆಂಪು ಲೈನ್‌ನಲ್ಲಿ ಸ್ಮಿತ್‌ಫೀಲ್ಡ್ ಸ್ಟಾಪ್, ಅಲ್ಲಿಂದ ನಡೆದರೆ ಕಾಬಲ್‌ಸ್ಟೋನ್ ಅನ್ನೋ ಪಬ್ ಇದೆ. 2021ರಲ್ಲಿ ಅದರ ಸುತ್ತ ಒಂಬತ್ತು ಅಂತಸ್ತಿನ ಹೋಟೆಲ್ ಕಟ್ಟುವ ಪ್ಲಾನ್ ಬಂತು. ಮುಂದಿನ ಕೋಣೆ ಉಳಿಯುತ್ತಿತ್ತು, ಪಾಠ ಕಛೇರಿ ಎಲ್ಲ ನಡೆಯುವ ಹಿಂದಿನ ಜಾಗ ಹೋಗುತ್ತಿತ್ತು. ಜನ ವಾದ್ಯ ಹಿಡಿದು ಬೀದಿಗಿಳಿದರು, ನುಡಿಸಿಕೊಂಡೇ ಮೆರವಣಿಗೆ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ನಗರಸಭೆ ಪ್ಲಾನನ್ನು ತಿರಸ್ಕರಿಸಿತು. ಪ್ರವಾಸಿಗರು ಬರುವುದು ಸಂಗೀತಕ್ಕೆ, ಆ ಪ್ರವಾಸಿಗರು ಮಲಗಲು ಹೋಟೆಲ್ ಬೇಕು, ಹೋಟೆಲ್ ಕಟ್ಟಲು ಸಂಗೀತದ ಜಾಗ ಬೇಕು! ನಾವೂ ಆ ಪ್ರವಾಸಿಗರ ಪೈಕಿಯೇ ಅಲ್ವಾ, ಹಾಗಾಗಿ ಇದರಲ್ಲಿ ನಾನೇನೂ ಮೇಲಿನವನಲ್ಲ.

ಇನ್ನು ಹೆನ್ರಿಯೆಟ್ಟಾ ಸ್ಟ್ರೀಟ್‌ನಲ್ಲಿ ಪೈಪ್ ನುಡಿಸುವವರ ಸಂಘ ಇದೆ, 1968ರಲ್ಲಿ ಶುರುವಾದದ್ದು. ಮಾಂಕ್ಸ್‌ಟೌನ್‌ನಲ್ಲಿ ಕೋಲ್ತಸ್ ಅನ್ನೋ ಜಾನಪದ ಸಂಗೀತ ಸಂಸ್ಥೆಯ ಮನೆ ಇದೆ. 1951ರಲ್ಲಿ ಶುರುವಾದ ಈ ಸಂಸ್ಥೆಗೆ ದೇಶವಿಡೀ ಶಾಖೆಗಳಿವೆ. ಪಬ್ಬು ಬೇಡ ಅನ್ನುವವರಿಗೆ ಈ ಎರಡೂ ಒಳ್ಳೆಯ ಜಾಗ.

ಪಬ್ಬು ಬೇಡ ಅನ್ನುವವರು ನಮ್ಮಲ್ಲಿ ತುಂಬಾ ಜನ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುಡಿಯಲೇಬೇಕು ಅಂತ ಇಲ್ಲ. ಟೀ ಕೇಳಿ, ಜ್ಯೂಸ್ ಕೇಳಿ, ಯಾರೂ ಮುಖ ನೋಡಲ್ಲ. ನಮ್ಮ ಅಮ್ಮ ಹೋದಾಗ ಸೀರೆಯುಟ್ಟು ಟೀ ಹಿಡಿದು ಹನ್ನೊಂದರವರೆಗೆ ಕೂತಿದ್ದರು. ಪಕ್ಕದಲ್ಲಿ ಕೂತ ಮುದುಕಮ್ಮ ಒಬ್ಬರು ತಮ್ಮ ಮೊಮ್ಮಗ ಯಾವ ವಾದ್ಯ ಕಲಿಯುತ್ತಾನೆ ಅಂತೆಲ್ಲ ಹೇಳಿದರು, ಅಮ್ಮನಿಗೆ ಅರ್ಧ ಅರ್ಥವಾಯಿತು, ಇಬ್ಬರೂ ಚೆನ್ನಾಗಿಯೇ ಮಾತಾಡಿದರು. ಮಕ್ಕಳಿದ್ದರೆ ಮಾತ್ರ ಗಮನಿಸಿ. ಹದಿನೆಂಟರ ಒಳಗಿನವರು ರಾತ್ರಿ 9ರ ಮೇಲೆ ಪಬ್ಬಿನಲ್ಲಿರುವಂತಿಲ್ಲ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರ ತನಕ ಬಿಡುತ್ತಾರೆ. ಸೆಷನ್ ಎಷ್ಟೋ ಕಡೆ ಶುರುವಾಗುವುದೇ ಒಂಬತ್ತೂವರೆಗೆ. ಮಕ್ಕಳ ಜೊತೆ ಹೋಗುವವರು ಭಾನುವಾರ ಮಧ್ಯಾಹ್ನದ ಸೆಷನ್ ಎಲ್ಲಿದೆ ಅಂತ ವಿಚಾರಿಸಿ. ಊಟ ಮುಗಿಸಿಯೇ ಹೋಗಿ, ಅಷ್ಟು ಹೊತ್ತಿಗೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳು ಚಿಪ್ಸ್ ಪ್ಯಾಕೆಟ್ಟು ತಿಂದು ಮಲಗಬೇಕಾಗುತ್ತದೆ.

ಕೂತುಕೊಳ್ಳುವುದು ಹೇಗೆ ಅನ್ನೋದೂ ಮುಖ್ಯ. ಮೂಲೆಯ ಟೇಬಲ್ಲು ಖಾಲಿ ಇದೆ ಅಂತ ಹೋಗಿ ಕೂರಬೇಡಿ, ಅದು ನುಡಿಸುವವರದ್ದು. ತಾಳಕ್ಕೆ ಚಪ್ಪಾಳೆ ತಟ್ಟಬೇಡಿ, ರೀಲಿನ ಓಟಕ್ಕೆ ನಮ್ಮ ಚಪ್ಪಾಳೆ ಅಡ್ಡ ಬರುತ್ತದೆ. ಟ್ಯೂನ್ ಮುಗಿದ ಮೇಲೆ ತಟ್ಟಿದರೆ ಸಾಕು. ಮುಖದ ಹತ್ತಿರ ಫೋನ್ ಹಿಡಿದು ವಿಡಿಯೋ ಮಾಡುವವರನ್ನು ಕಂಡರೆ ನನಗೇ ಕೋಪ ಬರುತ್ತದೆ, ಅವರಿಗೆ ಹೇಗಿರಬೇಡ. ಕೇಳಿ ತೆಗೆಯಿರಿ, ಒಂದು ನಿಮಿಷ ತೆಗೆದು ಒಳಗಿಡಿ. ಇಬ್ಬರೋ ಮೂವರೋ ಪಬ್ಬಿನಿಂದ ದುಡ್ಡು ಪಡೆದು ಬಂದಿರುತ್ತಾರೆ, ಉಳಿದವರು ಸುಮ್ನೆ ಬಂದವರು. ಖುಷಿಯಾದರೆ ಅವರು ಕುಡಿಯುವುದನ್ನೇ ಒಂದು ಸುತ್ತು ಕೊಡಿಸಬಹುದು. ಕೌಂಟರಿನಲ್ಲಿ ಹೇಳಿದರೆ ಅವರೇ ತಲುಪಿಸುತ್ತಾರೆ.

ಡಬ್ಲಿನ್‌ಗಿಂತ ನನಗೆ ಇಷ್ಟವಾದದ್ದು ಪಶ್ಚಿಮದ ಕ್ಲೇರ್ ಜಿಲ್ಲೆ. ಮೊಹೆರ್‌ನ ಕಡಿದಾದ ಬಂಡೆಗಳನ್ನು ನೋಡಲು ಬಸ್ಸುಗಟ್ಟಲೆ ಜನ ಬಂದು ಸಂಜೆಗೆ ವಾಪಸ್ ಹೋಗುತ್ತಾರಲ್ಲ, ಅವರು ಅಲ್ಲೇ ಪಕ್ಕದ ಡೂಲಿನ್‌ನಲ್ಲಿ ಒಂದು ರಾತ್ರಿ ಉಳಿಯಬೇಕು. ಟಿನ್ ವಿಸಲ್ ನುಡಿಸುತ್ತಿದ್ದ ಮೀಹೋ ರಸೆಲ್ ಅವರ ಊರು ಅದು. ಬೇಸಿಗೆಯಲ್ಲಿ ದಿನಾ ರಾತ್ರಿ ಸಂಗೀತ, ಆದರೆ ನೂಕುನುಗ್ಗಲು. ಹಾಗಾಗಿ ನನ್ನ ಓಟು ಎನಿಸ್ ಪಟ್ಟಣಕ್ಕೆ, ಅದೂ ಚಳಿಗಾಲದ ಮಂಗಳವಾರ ಬುಧವಾರಕ್ಕೆ. ಊರಿನವರೇ ಇರುತ್ತಾರೆ, ಕಾನ್ಸರ್ಟಿನಾ ಕೇಳಿಸುವಷ್ಟು ಸದ್ದು ಕಮ್ಮಿ ಇರುತ್ತದೆ.

ಹಾಡುವುದರ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ರಾತ್ರಿ ಹೊತ್ತಾದ ಮೇಲೆ ಯಾರೋ ಒಬ್ಬರು ಹಾಡು ಎತ್ತುತ್ತಾರೆ. ಅಲ್ಲಿಯವರೆಗೆ ಗಲಗಲ ಅನ್ನುತ್ತಿದ್ದ ಪಬ್ಬಿನಲ್ಲಿ ಶ್ ಶ್ ಅನ್ನೋ ಸದ್ದು ಹಬ್ಬಿ ಎಲ್ಲ ಮಾತು ನಿಲ್ಲುತ್ತದೆ, ಗ್ಲಾಸ್ ತೊಳೆಯುವವನೂ ನಲ್ಲಿ ನಿಲ್ಲಿಸುತ್ತಾನೆ. ಐರಿಷ್ ಭಾಷೆ ಇನ್ನೂ ಮನೆಮಾತಾಗಿರುವ ಕೊನೆಮಾರ ಕಡೆ ಶಾನ್ ನೋಸ್ ಅನ್ನೋ ಹಾಡುಗಾರಿಕೆ ಇದೆ. ಪಕ್ಕವಾದ್ಯ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಒಂದೇ ಗಂಟಲು. ಹಾಡುವವರು ಕಣ್ಣು ಮುಚ್ಚಿರುತ್ತಾರೆ. ಕೆಲವೊಮ್ಮೆ ಪಕ್ಕದಲ್ಲಿ ಕೂತವರು ಹಾಡುವವರ ಕೈ ಹಿಡಿದುಕೊಂಡು ಹಾಡಿನ ಓಘಕ್ಕೆ ಮೆಲ್ಲಗೆ ತಿರುಗಿಸುತ್ತಿರುತ್ತಾರೆ. ಮೊದಲು ನೋಡಿದಾಗ ಹಾಡುವವರಿಗೆ ಹುಷಾರಿಲ್ಲವೇನೋ ಅಂದುಕೊಳ್ಳುವ ಹಾಗಿರುತ್ತದೆ! ದುಃಖದ ಹಾಡು ಒಬ್ಬರೇ ಹೊರಬೇಕಾಗಿಲ್ಲ ಅಂತ ಅಲ್ಲಿ ನನಗೆ ಅನ್ನಿಸಿತು. ನಡುವೆ ಕೇಳುವವರು ಗಟ್ಟಿಯಾಗಿ ಒಂದು ಮೆಚ್ಚಿನ ಮಾತು ಹಾಕುತ್ತಾರೆ, ನಮ್ಮ ಕಛೇರಿಗಳ "ಭಲೇ" ಇದ್ದ ಹಾಗೆ.

ಹಾಡಿದವರು ಮುಂದಿನ ಹಾಡು ಯಾರದ್ದು ಅಂತ ಹೆಸರು ಹೇಳುವ ಪದ್ಧತಿಯೂ ಇದೆ. ಪರದೇಶದವರು ಕೂತಿದ್ದರೆ ಬೆರಳು ಅವರ ಕಡೆ ತಿರುಗಬಹುದು. ನಾಚಿಕೊಂಡು ತಲೆ ತಗ್ಗಿಸಬೇಡಿ. ಕಂಠ ಚೆನ್ನಾಗಿಲ್ಲ ಅನ್ನೋದು ಅಲ್ಲಿ ನೆಪ ಆಗಲ್ಲ. ಮನೆಯಲ್ಲಿ ಹೇಳುತ್ತಿದ್ದ ಬೀಸುವ ಪದವೋ, ಸೋಬಾನೆಯೋ, ನಾಲ್ಕು ಸಾಲು ಬಾಯಿಪಾಠ ಇಟ್ಟುಕೊಳ್ಳಿ. ಸಿನಿಮಾ ಹಾಡಿಗೆ ಕರೋಕೆ ಹಾಕಿ ಅಂತ ಫೋನ್ ಹೊರಗೆ ತೆಗೆಯಬೇಡಿ ದಯವಿಟ್ಟು, ಒಬ್ಬ ಪುಣ್ಯಾತ್ಮರು ಅದನ್ನೂ ಮಾಡಿದ್ದನ್ನು ನೋಡಿದ್ದೇನೆ.

ಜುಲೈನಲ್ಲಿ ಹೋಗುವವರಿದ್ದರೆ ಕ್ಲೇರ್‌ನ ಮಿಲ್ಟೌನ್ ಮಾಲ್ಬೇ ನೋಡಿ. ಪೈಪ್ ವಾದಕ ವಿಲ್ಲೀ ಕ್ಲಾನ್ಸಿ ಹೆಸರಿನಲ್ಲಿ 1973ರಿಂದ ಬೇಸಿಗೆ ಶಾಲೆ ನಡೆಯುತ್ತದೆ, ಜುಲೈ ಮೊದಲ ಶನಿವಾರಕ್ಕೆ ಶುರು. ಬೆಳಗ್ಗೆ ಪಾಠ, ರಾತ್ರಿ ಊರಿಗೆ ಊರೇ ಸೆಷನ್. ಒಂದೇ ತೊಂದರೆ, ಸಣ್ಣ ಊರು, ರೂಮು ಸಿಗಲ್ಲ. ಎನಿಸ್‌ನಲ್ಲಿ ಉಳಿದುಕೊಂಡು ಕಾರಿನಲ್ಲಿ ಹೋಗಿ ಬರಬೇಕಾಗುತ್ತದೆ, ಅದಕ್ಕೂ ತಿಂಗಳುಗಳ ಮೊದಲೇ ಬುಕ್ ಮಾಡಬೇಕು. ಮತ್ತೆ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಿ.