ಆಲೆಮನೆ ಸ್ಕ್ಯಾನಿಂಗ್ ಸೆಂಟರ್

ಸರ್ಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಡೇಟೇ ಸಿಗಲ್ಲ ಅಂತ ಗೊಣಗುವವರು ಮಂಡ್ಯದ ಕಡೆ ಹೋಗಬೇಕಿತ್ತು. 2023ರಲ್ಲಿ ಅಲ್ಲಿ ಆಲೆಮನೆಯಲ್ಲೇ, ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಕದ್ದು ಹೇಳುವ ಸ್ಕ್ಯಾನಿಂಗ್ ಸಿಗುತ್ತಿತ್ತಲ್ಲ! ಟೋಕನ್ ಇಲ್ಲ, ಆಧಾರ್ ಜೆರಾಕ್ಸ್ ಇಲ್ಲ, ಗರ್ಭಿಣಿಯ ಸ್ಕ್ಯಾನಿಗೆ ಕಾನೂನಿನ ಪ್ರಕಾರ ತುಂಬಬೇಕಾದ ಫಾರಂ ಎಫ್ ಅಂತೂ ಇಲ್ಲವೇ ಇಲ್ಲ. ಗಾಣ, ಕೊಪ್ಪರಿಗೆ ಇರಬೇಕಾದ ಜಾಗದಲ್ಲಿ ಅಲ್ಟ್ರಾಸೌಂಡ್ ಯಂತ್ರ. ಗ್ರಾಮೀಣ ಆರೋಗ್ಯ ಸೇವೆ ಅಂದರೆ ಇದು.

ಈ ಯಂತ್ರದ ಪ್ರಯಾಣವೂ ಸೊಗಸಾಗಿದೆ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅನ್ನುವ ಹೆರಿಗೆ ಡಾಕ್ಟರು, ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಹೆಂಗಸರ ಹೊಟ್ಟೆಯ ಮೇಲಿಟ್ಟು ನೋಡಿದರು. 1958ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಬ್ಬಿಣದಿಂದ ಹೊಟ್ಟೆಗೆ ಬಂತು. ಹೊಟ್ಟೆಯಿಂದ ಕಬ್ಬಿಗೆ ತಂದವರು ನಾವು.

ನಮ್ಮ ನೆಂಟರ ಹುಡುಗಿಯ ಐದನೇ ತಿಂಗಳ ಸ್ಕ್ಯಾನಿಗೆ ನಾನೂ ಹೋಗಿದ್ದೆ. ಹೊಟ್ಟೆಗೆ ಹಚ್ಚಿದ ಜೆಲ್ ಇನ್ನೂ ಒರೆಸಿರಲಿಲ್ಲ, ಜೊತೆಗೆ ಬಂದ ಅಜ್ಜಿ ಶುರು ಮಾಡಿದರು.

"ಮಗಾ ಹೆಂಗದೆ ಡಾಕ್ಟ್ರವ್ವಾ?"

"ಚೆನ್ನಾಗಿದೆ ಅಜ್ಜಿ. ಹೃದಯ, ಕಿಡ್ನಿ ಎಲ್ಲ ಸರಿಯಾಗಿದೆ."

"ಅದು ಸರಿ ಕಣವ್ವ. ಹೆಂಗದೆ ಅಂತ ಕೇಳುದ್ನಲ್ಲ."

ಡಾಕ್ಟರು ಸುಮ್ನೆ ಗೋಡೆ ಕಡೆ ಕೈ ತೋರಿಸಿದರು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ ಎನ್ನುವ ಬೋರ್ಡು.

"ನಂಗೆ ಓದಕ್ಕೆ ಬರಕಿಲ್ಲ," ಅಂದರು ಅಜ್ಜಿ. ಆಮೇಲೆ ಡಾಕ್ಟರ ಮುಖವನ್ನೇ ಓದೋಕೆ ಕೂತರು. ನಕ್ಕರೆ ಗಂಡು, ನಗದಿದ್ದರೆ ಹೆಣ್ಣು ಅಂತ ಅವರ ಲೆಕ್ಕ. ಪಾಪ, ಆ ಡಾಕ್ಟರು ಡ್ಯೂಟಿಯಲ್ಲಿ ನಗೋದನ್ನೇ ಬಿಟ್ಟಿದ್ದಾರೆ.

ಆಲೆಮನೆಯಲ್ಲಿ ಈ ಕಷ್ಟ ಇಲ್ಲ. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನೋದು ನಮ್ಮ ಕಡೆ ಪದ್ಧತಿ. ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಕೊಡುತ್ತಾರೆ, ತೆಂಗಿನಕಾಯಿ ಚೂರಿನ ಜೊತೆ ಅದರ ರುಚಿಯೇ ಬೇರೆ. ಈಗ ಆ ರುಚಿ ನೆನೆಸಿಕೊಂಡರೂ ಬಾಯಿ ಕಹಿಯಾಗುತ್ತೆ.

ತಮಾಷೆ ಸಾಕು. ಮಗುವಿನ ಹೃದಯದಲ್ಲಿ ತೂತಿದೆಯಾ, ಬೆನ್ನುಹುರಿ ನೆಟ್ಟಗಿದೆಯಾ ಅಂತ ನೋಡೋಕೆ ಬಂದ ಯಂತ್ರ ಇದು. ನಾವು ಅದರಲ್ಲಿ ಪತ್ತೆ ಹಚ್ಚಿದ ರೋಗ, ಹೆಣ್ಣು. ಅದಕ್ಕೆ ಚಿಕಿತ್ಸೆಯೂ ರೆಡಿ. 1994ರಿಂದ ಕಾನೂನಿದೆ. ಬೋರ್ಡು ಇದೆ, ಫಾರಂ ಇದೆ, ಯಂತ್ರಕ್ಕೆ ನೋಂದಣಿ ಇದೆ. ಬರೆದೂ ಬರೆದೂ ಬೇಜಾರಾಗಿದೆ.

ಮಂಡ್ಯದ ಗಲಾಟೆ ಆದ ಮೇಲೆ ಎಲ್ಲರೂ ಹುಷಾರಾಗಿರಬೇಕಲ್ವಾ? 2024ರ ಮೇನಲ್ಲಿ ಪಾಂಡವಪುರದಲ್ಲಿ ಮತ್ತೊಂದು ಭ್ರೂಣಹತ್ಯೆ ಪ್ರಕರಣ ಸಿಕ್ಕಿಬಿತ್ತು. ಎಲ್ಲಿ ಅಂತೀರಿ? ಆರೋಗ್ಯ ಇಲಾಖೆಯ ಕ್ವಾರ್ಟರ್ಸಿನಲ್ಲಿ.

ಆಲೆಮನೆಯವರೇ ವಾಸಿ. ಬಾಡಿಗೆನಾದರೂ ಕೈಯಿಂದ ಕಟ್ಟಿರುತ್ತಾರೆ.