ಮಾವನ ಲೆಕ್ಕದಲ್ಲಿ ಒಂಬತ್ತೇ ದಪ್ಪ

ನಮ್ಮ ಸೋದರಮಾವನದು ಹಾಸನದಲ್ಲಿ ಹಳೇ ಹಾರ್ಡ್‌ವೇರ್ ಅಂಗಡಿ. ಆಲೂರು, ಸಕಲೇಶಪುರದ ತೋಟದವರಿಗೆ ಬೇಲಿ ತಂತಿ, ಊರೊಳಗೆ ಮನೆ ಕಟ್ಟೋರಿಗೆ ಬೈಂಡಿಂಗ್ ವೈರು, ಮೊಳೆ, ಮಾಡಿಗೆ ಹಾಕೋ ಶೀಟು. ತಂತಿ ವಿಷಯದಲ್ಲಿ ಅವರಿಗೆ ಎದುರಾಡುವವರು ನಮ್ಮ ನೆಂಟರಲ್ಲಂತೂ ಇಲ್ಲ. ಹಾಗಾಗಿ ನನ್ನ ಎಲೆಕ್ಟ್ರಿಕ್ ಗಿಟಾರಿನ ತಂತಿಯೂ ಅವರ ಖಾತೆಗೇ ಬಿತ್ತು.

ಹಳೇ ತಂತಿಗಳು ಹಾಳಾಗಿದ್ದು ಅಮ್ಮನ ಪ್ರೀತಿಯಿಂದ. ಆಷಾಢದ ಜಡಿಮಳೆಯಲ್ಲಿ ನಮ್ಮ ಕಡೆ ಬಟ್ಟೆ ಒಣಗಲ್ಲ, ಉಪ್ಪು ಉದುರಲ್ಲ, ಇನ್ನು ಉಕ್ಕಿನ ತಂತಿ ಸುಮ್ಮನಿರುತ್ತಾ? ಕಂದು ಚುಕ್ಕೆ ಶುರುವಾಗಿತ್ತು. ಒಂದು ಸಂಜೆ ಮನೆಗೆ ಬಂದರೆ ಗಿಟಾರ್ ಘಮಘಮ ಅಂತಿದೆ. “ಅಷ್ಟು ದುಡ್ಡು ಸುರಿದು ತಂದಿದೀಯ, ತುಕ್ಕು ಹಿಡೀತಾ ಕೂತಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೀನಿ, ನೋಡು ಹೆಂಗೆ ಮಿಂಚ್ತಾ ಇದೆ” ಅಂದರು ಅಮ್ಮ. ಮಿಂಚುತ್ತಲೇ ಇತ್ತು. ಆದರೆ ಗಿಟಾರಿನ ಮೂರು ದಪ್ಪ ತಂತಿಗಳು ಒಂದೇ ಎಳೆಯವಲ್ಲ. ಒಳಗೊಂದು ಉಕ್ಕಿನ ಎಳೆ, ಅದರ ಸುತ್ತ ನಿಕ್ಕಲ್ ಲೇಪದ ಇನ್ನೊಂದು ಎಳೆಯನ್ನು ಒತ್ತಾಗಿ ಸುತ್ತಿರುತ್ತಾರೆ. ಆ ಸುತ್ತುಗಳ ಸಂದಿಗೆ ಎಣ್ಣೆ ಇಳಿದರೆ ಮುಗಿಯಿತು. ‘ಟಣ್’ ಅನ್ನಬೇಕಾದದ್ದು ‘ತಪ್’ ಅಂತಿತ್ತು.

ಗಣೇಶನ ಹಬ್ಬದ ಆರ್ಕೆಸ್ಟ್ರಾ ಬೇರೆ ಹತ್ತಿರದಲ್ಲಿತ್ತು. ಊರಲ್ಲಿ ಒಂದೆರಡು ಕಡೆ ವಿಚಾರಿಸಿದೆ. ತಬಲಾ ಇತ್ತು, ಹಾರ್ಮೋನಿಯಂ ಇತ್ತು, ಗಿಟಾರ್ ತಂತಿ ಅಂದರೆ ಅಕೌಸ್ಟಿಕ್ ಗಿಟಾರಿನ ಕಂಚಿನ ತಂತಿ ತೋರಿಸಿದರು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯೋ ಪಿಕಪ್ಪಿನಲ್ಲಿರೋದು ಅಯಸ್ಕಾಂತ. ಅದಕ್ಕೆ ಉಕ್ಕಿನ ಅಲುಗಾಟ ತಿಳಿಯುತ್ತದೆ, ಕಂಚಿನದು ತಿಳಿಯಲ್ಲ. ಕೊನೆಗೆ, ಅಂಗಡಿಗೆ ಮಾಲು ತರಲು ಬೆಂಗಳೂರಿಗೆ ಹೊರಟಿದ್ದ ಮಾವನಿಗೆ ಹೇಳಿದೆ: “9ರ ಸೆಟ್ಟು ತನ್ನಿ ಮಾವ. ಸಣ್ಣ ತಂತಿ.”

“ತಂತಿ ಬಗ್ಗೆ ನಂಗೆ ಹೇಳ್ತೀಯೇನ್ಲಾ?” ಅಂದು ಹೊರಟರು.

ರಾತ್ರಿ ತಂದುಕೊಟ್ಟ ಪೊಟ್ಟಣದ ಮೇಲೆ 12 ಅಂತಿತ್ತು.

“9 ಖಾಲಿಯಂತೆ. ಸಣ್ಣದು ಬೇಕು ಅಂದಿದ್ಯಲ್ಲ, ಇನ್ನೂ ಮೂರು ನಂಬರ್ ಸಣ್ಣದೇ ತಂದೆ.” ಮುಖದಲ್ಲಿ ಉಪಕಾರ ಮಾಡಿದ ಕಳೆ.

ಅವರ ಲೆಕ್ಕ ತಪ್ಪು ಅನ್ನುವ ಹಾಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನಂಬರ್ ಏರಿದಷ್ಟೂ ತಂತಿ ಸಣ್ಣ. 8 ನಂಬರ್ ಅಂದರೆ 4 ಮಿಲಿಮೀಟರ್ ದಪ್ಪದ್ದು, 20 ನಂಬರ್ ಅಂದರೆ 1 ಮಿಲಿಮೀಟರಿಗೂ ಕಡಿಮೆ. ಗಿಟಾರಿನವರದ್ದು ತದ್ವಿರುದ್ಧ. 9 ಅಂದರೆ ಮೊದಲನೇ ತಂತಿಯ ದಪ್ಪ ಅಂಗುಲದ ಸಾವಿರದಲ್ಲಿ 9 ಪಾಲು, 12 ಅಂದರೆ ಸಾವಿರದಲ್ಲಿ 12 ಪಾಲು. ನಂಬರ್ ಏರಿದರೆ ದಪ್ಪವೂ ಏರುತ್ತದೆ. ಮೂರು ನಂಬರಿನಲ್ಲಿ ಏನಿದೆ ಮಹಾ ಅನ್ನಿಸಬಹುದು. ಅದೇ ಉದ್ದದ ತಂತಿಯನ್ನು ಅದೇ ಶ್ರುತಿಗೆ ಏರಿಸಬೇಕಾದರೆ ಎಳೆತ ದಪ್ಪದ ವರ್ಗದಷ್ಟು ಹೆಚ್ಚುತ್ತದೆ. 9ರ ಮೊದಲ ತಂತಿ ಸುಮಾರು 6 ಕೆ.ಜಿ. ಎಳೆದರೆ 12ರದ್ದು ಹತ್ತೂವರೆ ಕೆ.ಜಿ. ಅದು ಒಂದು ತಂತಿಯ ಕಥೆ, ಇರೋದು ಆರು.

ಪ್ರೋಗ್ರಾಂ ಮರುದಿನವೇ, ಹಾಕದೆ ವಿಧಿಯಿಲ್ಲ. ನನ್ನ ಗಿಟಾರಿನಲ್ಲಿ ತಂತಿಗಳ ಬುಡ ಹಿಡಿದಿರೋ ಬ್ರಿಡ್ಜು ಅಲ್ಲಾಡೋ ಜಾತಿಯದು. ಮುಂದಿನಿಂದ ಆರು ತಂತಿ ಎಳೆಯುತ್ತವೆ, ಹಿಂದಿನಿಂದ ಮೂರು ಸ್ಪ್ರಿಂಗು. ಎರಡೂ ಸಮ ಇದ್ದರೆ ಮಾತ್ರ ಅದು ನೆಟ್ಟಗೆ ಮಲಗಿರುತ್ತದೆ. 12ರ ಸೆಟ್ಟು ಬಿಗಿಯುತ್ತಾ ಹೋದ ಹಾಗೆ ಅದು ಸೊಪ್ಪಿಗೆ ಹಿಂಗಾಲ ಮೇಲೆ ನಿಂತ ಆಡಿನ ಹಾಗೆ ಮುಂದಕ್ಕೆ ಎದ್ದು ನಿಂತಿತು. ಆರನೇ ತಂತಿ ಶ್ರುತಿ ಮಾಡಿದರೆ ಒಂದನೆಯದು ಇಳಿಯೋದು, ಒಂದನೆಯದು ಏರಿಸಿದರೆ ಐದನೆಯದು ಇಳಿಯೋದು. ಬೆಳಗಿನ ಜಾವದವರೆಗೂ ಇದೇ ಆಯಿತು. ಪಕ್ಕದ ಬೀದಿಯ ವೀಣೆ ಮೇಡಂ ಬೆಳಿಗ್ಗೆ ಹೂವು ಬಿಡಿಸುತ್ತಾ, “ಶ್ರುತಿ ಸೇರಿತೇನಪ್ಪ?” ಅಂತ ಕೇಳಿದರು. ರುದ್ರಪಟ್ಟಣದ ಕಡೆಯವರು. ಅರಕಲಗೂಡು ತಾಲ್ಲೂಕಿನ ಆ ಊರಲ್ಲಿ ಹುಟ್ಟಿದವರೆಲ್ಲ ವಿದ್ವಾಂಸರೇ ಅಂತ ನಮ್ಮ ಜಿಲ್ಲೆಯಲ್ಲೊಂದು ಭಯವಿದೆ, ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು ಅಂದಮೇಲೆ ಭಯ ಇರಬೇಕಾದ್ದೇ. ತಂತಿಯನ್ನು ಒಮ್ಮೆ ಒತ್ತಿ ನೋಡಿ, “ಇದನ್ನು ಎಳೆದು ಗಮಕ ಹೇಗಪ್ಪ ಹಿಡೀತೀಯ? ಬೆರಳು ಕೊಯ್ಯುತ್ತೆ” ಅಂದರು. ನನ್ನ ಕಷ್ಟ ಇಡೀ ಊರಲ್ಲಿ ಅರ್ಥವಾಗಿದ್ದು ಅವರೊಬ್ಬರಿಗೇ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿ ಪಕ್ಕಕ್ಕೆಳೆದು ಮುಂದಿನ ಸ್ವರಗಳನ್ನು ಬರಿಸುವ ಹಾಗೆಯೇ ನಾವೂ ಎಳೀತೀವಿ. ಸಣ್ಣ ತಂತಿ ಬೇಕು ಅನ್ನೋದು ಅದಕ್ಕೇ.

ನಮ್ಮ ಡ್ರಮ್ಮರ್‌ಗೆ ಮಾತ್ರ ಸಂಭ್ರಮ. ದಪ್ಪ ತಂತಿ ಹಾಕಿದರೇನೇ ದಪ್ಪ ಸದ್ದು ಅನ್ನೋದು ಅವನ ಮತ. “ಸ್ಟೀವಿ ರೇ ವಾನ್ 13 ಹಾಕ್ತಿದ್ದ, ಗೊತ್ತಾ ಗುರು?” ಅಂತ ಶುರು ಮಾಡಿದ. ಆ ಅಮೆರಿಕದ ಗಿಟಾರ್ ವಾದಕ ಹಾಕುತ್ತಿದ್ದರು ನಿಜ, ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳುತ್ತಿದ್ದರು ಅನ್ನೋದನ್ನ ಈ ಮತದವರು ಯಾವತ್ತೂ ಹೇಳಲ್ಲ. ಜೀಜೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಅವರದು 7ರ ತಂತಿ, ಅವರ ಸದ್ದು ಯಾರ ಸದ್ದಿಗಿಂತ ಸಣ್ಣ? ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಕಥೆಯನ್ನೂ ಹೇಳಿದೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಆತ ದಪ್ಪ ತಂತಿ ಒತ್ತಲಾಗದೆ ಬ್ಯಾಂಜೋದ ಸಣ್ಣ ತಂತಿ ಹಾಕಿಕೊಂಡರು. ಹೆವಿ ಮೆಟಲ್ ಅನ್ನೋ ಜಗತ್ತಿನ ಅತಿ ಭಾರದ ಸಂಗೀತ ಹುಟ್ಟಿದ್ದು ಆ ಕೈಯಲ್ಲೇ. ಡ್ರಮ್ಮರ್ ಮಾತಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಾವ ಮಾತ್ರ ಗಂಭೀರವಾಗಿ, “ಅದಕ್ಕೇ ನಾನು ಹುಡುಗರಿಗೆ ಬಡ್ಕೊಳೋದು, ಶೀಟು ಹಿಡಿಯೋವಾಗ ಗ್ಲೌಸ್ ಹಾಕ್ಕೊಳ್ಳಿ ಅಂತ” ಅಂದರು.

ಆ ರಾತ್ರಿ ಪೆಂಡಾಲಿನಲ್ಲಿ ಒಂದು ಸ್ವರ ಎಳೆದೆ. ಅರ್ಧ ದಾರಿಗೆ ನಿಂತಿತು. ಎಳೆಯುವಷ್ಟೂ ಎಳೆದೆ, ಬೆರಳು ಬಂತು, ಸ್ವರ ಬರಲಿಲ್ಲ. ಗಾಯಕಿ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಮರುದಿನ ಮಾವ ನನ್ನನ್ನೂ ಗಿಟಾರನ್ನೂ ಅದರಿಂದ ಬಿಚ್ಚಿದ ಮೊದಲನೇ ತಂತಿಯನ್ನೂ ಅವರ ಪರಿಚಯದ ಲೇತ್ ಅಂಗಡಿಗೆ ಕರೆದೊಯ್ದರು, ಯಾರ ನಂಬರ್ ಸರಿ ಅಂತ ಇತ್ಯರ್ಥ ಮಾಡಲು. ಲೇತಿನವನು ಕೈಯೊರೆಸಿಕೊಂಡು ಮೈಕ್ರೋಮೀಟರಿಗೆ ತಂತಿ ಸಿಕ್ಕಿಸಿದ. “ಹನ್ನೆರಡು ಥೌ ಸಾರ್” ಅಂದ. ಥೌ ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲು, ಲೇತಿನವರ ದಿನನಿತ್ಯದ ಮಾತು. ಇಷ್ಟು ದಿನ ನಾನು ಗಿಟಾರಿನ ಭಾಷೆ ಅಂದುಕೊಂಡಿದ್ದು ಲೇತ್ ಭಾಷೆ! ನಾನು ಗೆದ್ದೆ ಅಂತ ಮಾವನ ಮುಖ ನೋಡಿದರೆ, ಅವರು ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯ ಗೋಡೆಯಲ್ಲಿದ್ದ ಗೇಜಿನ ಪಟ್ಟಿಯ ಮುಂದೆ ನಿಂತಿದ್ದರು. ಅದರ ಪ್ರಕಾರ 10 ಥೌ ಅಂದರೆ ಸರಿಯಾಗಿ 33 ನಂಬರ್. 12 ಥೌ ಹೆಚ್ಚುಕಡಿಮೆ 30. 9 ಥೌ ಹೆಚ್ಚುಕಡಿಮೆ 34.

“ನೋಡ್ಲಾ, ನಂಬರ್ ಜಾಸ್ತಿ ಆದಂಗೆ ಸಣ್ಣ ಆಯ್ತಾ ಇಲ್ವಾ? ನಾನೇನ್ ಸುಳ್ಳು ಹೇಳಿದ್ನಾ?”

ಲೇತಿನವನು ನಡುವೆ ಗಿಟಾರಿನ ಬೆನ್ನು ಬಿಚ್ಚಿಸಿ, “ಸಾರ್, ಐದು ಸ್ಪ್ರಿಂಗಿಗೆ ಜಾಗ ಇದೆ, ಮೂರೇ ಹಾಕೌರೆ” ಅಂದ. ಅದೂ ನಿಜವೇ. ದಪ್ಪ ತಂತಿಯೇ ಬೇಕೆನ್ನುವವರು ಸ್ಪ್ರಿಂಗು ಹೆಚ್ಚಿಸಿಕೊಂಡೋ ತಿರುಪು ಬಿಗಿಮಾಡಿಕೊಂಡೋ ಬ್ರಿಡ್ಜು ಮಲಗಿಸುತ್ತಾರೆ. ನನಗೆ ಬೆರಳ ಮೇಲೆ ಆಸೆ.

ಮುಂದಿನ ಮಾಲಿನ ಜೊತೆ 9ರ ಸೆಟ್ಟು ಬಂತು, 34 ನಂಬರ್ ಅಂತ ಮಾವನೇ ಚೀಟಿ ಬರೆದುಕೊಂಡು ಹೋಗಿದ್ದರು. ಬೆಲೆ ಆರುನೂರು ಚಿಲ್ಲರೆ. ಕೊಡುವ ಮುಂಚೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟರು. ಆರೂ ತಂತಿ ಸೇರಿ 20 ಗ್ರಾಂ ಕೂಡ ತೂಗಲಿಲ್ಲ. ಕ್ಯಾಲ್ಕ್ಯುಲೇಟರ್ ಒತ್ತಿದರು, ಕನ್ನಡಕ ಏರಿಸಿದರು, ಮತ್ತೆ ಒತ್ತಿದರು.

“ಕೆ.ಜಿ.ಗೆ ಮೂವತ್ತು ಸಾವಿರದ ಮೇಲಾಯ್ತಲ್ಲೋ! ಮೆಣಸೂ ಇಷ್ಟಿಲ್ಲ. ಮೂವತ್ತು ವರ್ಷದಿಂದ ನಾನು ಬೇಲಿ ತಂತಿ ಮಾರ್ಕೊಂಡು ಕೂತಿದೀನಿ.”

ಡ್ರಾಯರಿನಿಂದ ಆರ್ಡರ್ ಪುಸ್ತಕ ತೆಗೆದರು. ಯಾವ ನಂಬರ್ ಜಾಸ್ತಿ ಓಡುತ್ತೆ ಅಂತ ಕೇಳಿದರು. ನಾನು 9 ಅಂದೆ. ಕ್ಲಚ್ ವೈರಿಗೆ ಬಂದಿದ್ದ ಡ್ರಮ್ಮರ್ 11 ಅಂದ. ನಮ್ಮಿಬ್ಬರ ಜಗಳ ಕೇಳುವಷ್ಟು ಪುರುಸೊತ್ತು ಮಾವನಿಗಿಲ್ಲ. “ಎರಡೂ ಬ್ಯಾಡ, 10 ಬರ್ಕೋ” ಅಂತ ಹುಡುಗನಿಗೆ ಹೇಳಿ, ಮುಳ್ಳುತಂತಿ ಕೇಳಿಕೊಂಡು ಬಂದವರ ಕಡೆ ತಿರುಗಿದರು.