ಲಾಡೆನ್ ಡ್ರೈವರ್‌ಗೆ ವಕೀಲರೇಕೆ ಬೇಕಿತ್ತು?

"ಉಗ್ರರಿಗೆ ಎಂಥ ಹಕ್ಕು ರೀ, ಅವರಿಗೂ ವಕೀಲರು ಬೇರೆ ಕೇಡು!" ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಲೀಂ ಹಮ್ದಾನ್ ಕೇಸು ನೆನಪಾಗುತ್ತದೆ. ಯೆಮನ್‌ನವನು, ಒಸಾಮಾ ಬಿನ್ ಲಾಡೆನ್‌ನ ಕಾರು ಓಡಿಸುತ್ತಿದ್ದವನು. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದು, ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ಸೇನಾ ಜೈಲು ಸೇರಿದ.

ಅವನ ಪರ ವಾದಿಸಲು ಅಮೆರಿಕ ಸರ್ಕಾರ ತನ್ನ ನೌಕಾಪಡೆಯ ಅಧಿಕಾರಿ ಚಾರ್ಲ್ಸ್ ಸ್ವಿಫ್ಟ್ ಅವರನ್ನೇ ನೇಮಿಸಿತು. ಜೊತೆಗೆ ಪ್ರಾಸಿಕ್ಯೂಷನ್ ಕಡೆಯಿಂದ ಒಂದು ಷರತ್ತು ಬಂತು: ತಪ್ಪೊಪ್ಪಿಗೆಯ ಮಾತುಕತೆ ನಡೆಸುತ್ತಿರುವ ತನಕ ಮಾತ್ರ ಕಕ್ಷಿದಾರನನ್ನು ಭೇಟಿಯಾಗಬಹುದು. ಅಂದರೆ ತಪ್ಪೊಪ್ಪಿಕೊಳ್ಳುವುದಿಲ್ಲ ಅಂದರೆ ವಕೀಲರ ಮುಖವನ್ನೂ ನೋಡುವ ಹಾಗಿಲ್ಲ. ಅಷ್ಟೇ ಅಲ್ಲ, ಅವನ ವಿಚಾರಣೆ ನಡೆಸಬೇಕಿದ್ದ ಮಿಲಿಟರಿ ಕಮಿಷನ್‌ನ, ಅಂದರೆ ವಿಶೇಷ ಸೇನಾ ನ್ಯಾಯಮಂಡಳಿಯ, ನಿಯಮಗಳ ಪ್ರಕಾರ ಆರೋಪಿಯನ್ನು ಹೊರಗೆ ಕಳಿಸಿ, ಅವನಿಗೆ ತೋರಿಸದ ಸಾಕ್ಷ್ಯದ ಮೇಲೆ ತೀರ್ಪು ಕೊಡಬಹುದಿತ್ತು. ಇದಕ್ಕೆ ವಿಚಾರಣೆ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಸ್ವಿಫ್ಟ್ ಸುಮ್ಮನೆ ತಲೆಯಾಡಿಸಲಿಲ್ಲ. ಸೇವೆಯಲ್ಲಿದ್ದುಕೊಂಡೇ ತಮ್ಮ ಸರ್ಕಾರದ ವಿರುದ್ಧ ಕೋರ್ಟಿಗೆ ಹೋದರು. 2006ರ ಜೂನ್ 29ರಂದು ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ, ಅಧ್ಯಕ್ಷ ಬುಷ್ ರಚಿಸಿದ ಈ ಕಮಿಷನ್‌ಗಳು ದೇಶದ ಸೇನಾ ಕಾನೂನಿಗೂ ಯುದ್ಧದಲ್ಲಿ ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ಜಿನೀವಾ ಒಪ್ಪಂದಗಳಿಗೂ ವಿರುದ್ಧ ಅಂದಿತು. ಅದಾಗಿ ಕೆಲವೇ ವಾರಗಳಲ್ಲಿ ಸ್ವಿಫ್ಟ್ ಅವರಿಗೆ ಬಡ್ತಿ ಇಲ್ಲವೆಂದು ಗೊತ್ತಾಯಿತು. ಅಲ್ಲಿ ಬಡ್ತಿ ತಪ್ಪಿದ ಅಧಿಕಾರಿ ಸೇವೆ ಬಿಟ್ಟು ಹೊರಡಬೇಕು. ಹೊರಟರು. ದೇಶಪ್ರೇಮಿ ಅಂದರೆ ನನ್ನ ಕಣ್ಣಿಗೆ ಕಾಣುವುದು ಇಂಥವರೇ.

ಆಮೇಲೆ ಅಮೆರಿಕದ ಸಂಸತ್ತು ಇಂಥ ಕಮಿಷನ್‌ಗಳಿಗಾಗಿ ಹೊಸ ಕಾನೂನು ಮಾಡಿತು, 2008ರಲ್ಲಿ ಹಮ್ದಾನ್ ವಿಚಾರಣೆ ನಡೆಯಿತು. ಸಂಚಿನ ಆರೋಪದಿಂದ ಅವನನ್ನು ಬಿಟ್ಟವರು ಸೇನಾಧಿಕಾರಿಗಳ ಜ್ಯೂರಿಯೇ. ಉಗ್ರರಿಗೆ ನೆರವಾದದ್ದಕ್ಕೆ ಐದೂವರೆ ವರ್ಷದ ಶಿಕ್ಷೆ ಕೊಟ್ಟರು; ಅದರಲ್ಲಿ ಬಹುಪಾಲು ಆಗಲೇ ಕಳೆದಿತ್ತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೂ ರದ್ದು ಮಾಡಿತು. ಅವನು ಸಿಕ್ಕಿಬಿದ್ದಾಗ ಅದು ಯುದ್ಧಾಪರಾಧವೇ ಆಗಿರಲಿಲ್ಲವಂತೆ!

ಡ್ರೈವರ್ ಬಿಡಿ, 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯ ಸೂತ್ರಧಾರನ ಕಥೆ ಏನಾಯಿತು? ಖಾಲಿದ್ ಶೇಖ್ ಮೊಹಮ್ಮದ್ ಸಿಕ್ಕಿದ್ದು 2003ರಲ್ಲಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನ ಮುಖಕ್ಕೆ ನೀರು ಸುರಿದು ಉಸಿರು ಕಟ್ಟಿಸಿದ್ದು 183 ಬಾರಿ. ಹಾಗೆ ಹಿಂಸಿಸಿದ ಮೇಲೆ ಬಂದ ಹೇಳಿಕೆಗಳು ಕೋರ್ಟಿನಲ್ಲಿ ನಿಲ್ಲುತ್ತವೆಯೇ ಅನ್ನುವ ವಾದದಲ್ಲೇ ವರ್ಷಗಳು ಕಳೆದವು. 2024ರಲ್ಲಿ ಆದ ತಪ್ಪೊಪ್ಪಿಗೆ ಒಪ್ಪಂದವನ್ನು ರಕ್ಷಣಾ ಸಚಿವರೇ ಕೆಲವೇ ದಿನಗಳಲ್ಲಿ ವಾಪಸ್ ಪಡೆದರು.

ನಮ್ಮಲ್ಲಿ 2008ರಲ್ಲಿ ಸಿಕ್ಕ ಕಸಬ್‌ಗೆ ವಕೀಲರನ್ನು ಕೊಟ್ಟರು, ಸುಪ್ರೀಂ ಕೋರ್ಟಿನ ತನಕ ಮೇಲ್ಮನವಿ ಕೇಳಿದರು. ನಾಲ್ಕು ವರ್ಷದೊಳಗೆ ಎಲ್ಲ ಮುಗಿಯಿತು. ಅಲ್ಲಿ ಸುಮಾರು ಮೂರು ಸಾವಿರ ಜನ ಸತ್ತ ದಾಳಿಯ ಮುಖ್ಯ ಆರೋಪಿಯ ವಿಚಾರಣೆ ಈಗಲೂ ಶುರುವಾಗಿಲ್ಲ. ಹಕ್ಕು ಕೊಟ್ಟರೆ ಉಗ್ರ ಬಚಾವಾಗುತ್ತಾನೆ ಅನ್ನುವವರು ಸತ್ತವರ ಮನೆಯವರಿಗೆ ಏನು ಹೇಳುತ್ತೀರಿ?